ಊಟದ ಹೊತ್ತಿನ ಹಾಡುಗಳು

ಮಂಡ್ಯದ ಕಡೆ ಆರತಕ್ಷತೆ ಎಂದರೆ ಮುಹೂರ್ತದ ಹಿಂದಿನ ರಾತ್ರಿ. ಹೆದ್ದಾರಿ ಪಕ್ಕದ ಕಲ್ಯಾಣ ಮಂಟಪದಲ್ಲಿ ಏಳು ಗಂಟೆಯಾದರೂ ಕುರ್ಚಿಗಳ ಸಾಲು ನೆಟ್ಟಗಾಗಿಲ್ಲ. ಹೂವಿನವರು ವೇದಿಕೆಯ ಬೆನ್ನಿಗೆ ಸೇವಂತಿಗೆ ಸರ ಬಿಗಿಯುತ್ತಿದ್ದಾರೆ. ಎಡಗಡೆ, ಬಿಳಿ ಬಟ್ಟೆ ಹೊದಿಸಿದ ಮೇಜಿನ ಹಿಂದೆ ಡಿಜೆ ನಿಂತಿದ್ದಾನೆ. ಕಪ್ಪು ಟೀ ಶರ್ಟಿನ ಹುಡುಗ. ಹೆಡ್‌ಫೋನಿನ ಒಂದು ಬದಿ ಕಿವಿಯ ಮೇಲೆ, ಇನ್ನೊಂದು ಕಿವಿಯ ಹಿಂದೆ. ಮುಂದೆ ಲ್ಯಾಪ್‌ಟಾಪು ಮತ್ತು ಕಂಟ್ರೋಲರು. ಲ್ಯಾಪ್‌ಟಾಪು ಕೈಕೊಟ್ಟರೆ ಇರಲಿ ಎಂದು ಜೇಬಿನಲ್ಲೊಂದು ಪೆನ್‌ಡ್ರೈವು. ವೇದಿಕೆಯ ಎರಡೂ ಬದಿಗೆ 18 ಇಂಚಿನ ಬೇಸ್ ಪೆಟ್ಟಿಗೆಗಳು.

ಸೌಂಡ್ ಚೆಕ್ ಮಾಡುವಾಗ ಎಲ್ಲರೂ ವೇದಿಕೆಯ ಮುಂದೆ ನಿಂತು ಕೇಳಿದರೆ, ಇವನು ಹಾಡು ಓಡಲು ಬಿಟ್ಟು ಊಟದ ಹಾಲಿಗೆ ಇಳಿಯುತ್ತಾನೆ. ಮೇಜಿನ ಮೇಲಿನ ಸ್ಟೀಲ್ ಲೋಟಕ್ಕೆ ನೀರು ಹಾಕಿ ಬಗ್ಗಿ ನೋಡುತ್ತಾನೆ. ಬೇಸ್ ಹೊಡೆತಕ್ಕೆ ನೀರು ನಡುಗಿದರೆ ಮೇಲೆ ಹೋಗಿ ‘ಲೋ’ ಎಂದು ಬರೆದ ತಿರುಪನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸುತ್ತಾನೆ. ಸಾರು ಬಡಿಸುವವನ ಮಾತು ಉಣ್ಣುವವನಿಗೆ ಕೇಳಬೇಕು ಅನ್ನುವುದು ಅವನ ಮೊದಲ ಲೆಕ್ಕ.

ಎಂಟಕ್ಕೆ ಜನ ಸೇರುತ್ತಾರೆ. ಮುಯ್ಯಿ ಕವರು ಹಿಡಿದವರ ಸಾಲು ವೇದಿಕೆಯಿಂದ ಬಾಗಿಲವರೆಗೆ. ಇನ್ನೊಂದು ಸಾಲು ನೇರ ಪಂಕ್ತಿಗೆ. ಈಗ ಯಾರೂ ಕುಣಿಯುವುದಿಲ್ಲ, ಯಾರೂ ಹಾಡು ಕೇಳಿಕೊಂಡು ಬರುವುದೂ ಇಲ್ಲ. ಬಹುಪಾಲು ಡಿಜೆಗಳಿಗೆ ಇದು ವಾದ್ಯಸಂಗೀತದ ಒಂದು ಪಟ್ಟಿ ಹಾಕಿ ಫೋನು ನೋಡುವ ಸಮಯ. ಇವನು ಮೈಯೆಲ್ಲ ಕಿವಿಯಾಗುವುದು ಈಗಲೇ. 1981ರ ‘ಗೀತಾ’ ಚಿತ್ರದ ಎಸ್‌ಪಿಬಿ–ಜಾನಕಿ ಯುಗಳಗೀತೆ ಬರುತ್ತದೆ. ಇಳಯರಾಜ ಅದರಲ್ಲಿ ಬೇಸ್ ಗಿಟಾರನ್ನು ನಡೆಸಿದ ರೀತಿಗೆ ಇವನು ಇವತ್ತಿಗೂ ಮರುಳು. ಅದರ ಹಿಂದೆಯೇ ‘ಆಟೋ ರಾಜ’ದ ರಾಜನ್–ನಾಗೇಂದ್ರ, ಆಮೇಲೆ ಹಂಸಲೇಖರ ‘ಪ್ರೇಮಲೋಕ’, ‘ಮುಂಗಾರು ಮಳೆ’ಯ ಮನೋಮೂರ್ತಿ. ಅರಿಶಿನ ಬಣ್ಣದ ಸೀರೆಯ ಅತ್ತೆಯೊಬ್ಬರು ಮುಯ್ಯಿ ಸಾಲಿನಲ್ಲೇ ಗುನುಗುತ್ತಾರೆ. ಹೋಳಿಗೆಯ ತಟ್ಟೆ ಹಿಡಿದವನು ಒಂದು ಕ್ಷಣ ನಿಂತು ಮುಂದೆ ಹೋಗುತ್ತಾನೆ. ಅಷ್ಟಕ್ಕೇ ಡಿಜೆಯ ಮುಖ ಅರಳುತ್ತದೆ.

ಮನೆಯಲ್ಲಿ ಅವನು ಕೇಳುವುದು ಬೇರೆಯೇ. ಮಾತಿಲ್ಲದ, ನಿಧಾನಕ್ಕೆ ಏರುವ ಹೌಸ್ ಸಂಗೀತ. ಅದನ್ನು ಇಲ್ಲಿ ಹಾಕಿದರೆ ‘ಟೇಪು ಸಿಕ್ಕಾಕ್ಕಂಡೈತಾ?’ ಅಂತಾರೆ ಎಂದು ನಗುತ್ತಾನೆ.

ಒಂಬತ್ತಕ್ಕೆ ಹುಡುಗರು ವೇದಿಕೆಯ ಮುಂದಿನ ಜಾಗ ಹಿಡಿಯುತ್ತಾರೆ. ಹೊಗೆ ಯಂತ್ರ ಬುಸುಗುಟ್ಟುತ್ತದೆ, ಲೈಟುಗಳು ಚಾವಣಿ ಗುಡಿಸುತ್ತವೆ. ಮೊದಲು ಕ್ಲಬ್ಬಿನ ನಡೆ: ನಿಮಿಷಕ್ಕೆ 125ರ ಆಸುಪಾಸಿನ ಹೊಡೆತ, ಪ್ರತಿ ಹೊಡೆತದೊಳಗೆ ನಾಲ್ಕು ಪಾಲು. ಬೆಂಗಳೂರಿನಿಂದ ಬಂದ ಗೆಳೆಯರು ಕೈ ಎತ್ತುತ್ತಾರೆ. ಊರಿನವರು ಕೈಕಟ್ಟಿ ನೋಡುತ್ತಾರೆ. ಅವರ ಕಾಲಿಗೆ ಬೇಕಾಗಿರುವುದು ತಮಟೆ. ತಮಟೆಯ ಹೊಡೆತದೊಳಗೆ ಪಾಲು ಮೂರು, ತಕಿಟ ತಕಿಟ. ಕಂಟ್ರೋಲರಿನ ಸಿಂಕ್ ಗುಂಡಿ ಒತ್ತಿದರೆ ಎರಡು ಹಾಡಿನ ವೇಗ ಕೂಡುತ್ತದೆ, ನಡೆ ಕೂಡುವುದಿಲ್ಲ. ಚತುರಶ್ರದ ಮೇಲೆ ತಿಶ್ರವನ್ನು ಹಾಗೇ ಕೂರಿಸಿದರೆ ಕುಣಿಯುವವರ ಹೆಜ್ಜೆ ತಡವರಿಸುತ್ತದೆ.

ಅದಕ್ಕೆ ಅವನದೊಂದು ಉಪಾಯವಿದೆ. ಓಡುತ್ತಿರುವ ಹಾಡಿಗೆ ಎಕೋ ಕೊಟ್ಟು ಅದು ದೂರ ಸರಿಯುವಂತೆ ಬಿಡುತ್ತಾನೆ. ಹಾಲ್ ಅರೆಕ್ಷಣ ಬರಿದಾಗುತ್ತದೆ. ಆ ಸಂದಿಗೆ ತಾನೇ ಊರ ಹಬ್ಬದಲ್ಲಿ ರೆಕಾರ್ಡ್ ಮಾಡಿಕೊಂಡ ಒಂದು ತುಣುಕು ತಮಟೆ. ನಾಲ್ಕು ಸುತ್ತು ಅದೇ ಬಡಿತ, ಮೇಲೆ ಬೇರೇನೂ ಇಲ್ಲ. ಕೈಕಟ್ಟಿದ್ದವರು ಅಷ್ಟರಲ್ಲಿ ಟವೆಲ್ ಕೊಡವಿ ಒಳಗೆ ನುಗ್ಗಿರುತ್ತಾರೆ. ಐದನೆಯ ಸುತ್ತಿಗೆ ‘ಟಗರು’ವಿನ ಆಂಥೋನಿ ದಾಸನ್ ದನಿ. ಈ ಲೆಕ್ಕ ಕಲಿಸಿದ್ದು ಮುಹೂರ್ತಕ್ಕೆ ಬರುವ ಓಲಗದ ಡೋಲಿನ ಯಜಮಾನರು, ಬೆರಳ ಮೇಲೆ ತಾಳ ಎಣಿಸಿ.

ನಂತರದ ಅರ್ಧ ಗಂಟೆ ರಾಜಕಾರಣ. ‘ಅಣ್ಣೋ, ನಮ್ ಬಾಸ್ ಸಾಂಗ್ ಹಾಕಣ್ಣೋ’ ಎಂದು ಒಬ್ಬ ಫೋನು ಮುಖಕ್ಕೆ ಹಿಡಿಯುತ್ತಾನೆ. ಅವನ ಹಿಂದೆ ಇನ್ನೊಬ್ಬ ನಟನ ಅಭಿಮಾನಿ. ‘ಹಾಕ್ತೀನಿ ಇರಣ್ಣ, ಮುಂದಿನ್ದೇ ನಿಂದು’ ಎಂಬ ಮಾತು ಇಬ್ಬರಿಗೂ ಸಿಗುತ್ತದೆ. ಒಬ್ಬರ ಹಾಡು ಒಂದೂವರೆ ನಿಮಿಷ ಓಡಿದರೆ ಮತ್ತೊಬ್ಬರದೂ ಅಷ್ಟೇ. ಹೆಚ್ಚುಕಡಿಮೆಯಾದರೆ ಕುರ್ಚಿ ಮೇಲೇಳುತ್ತದೆ. ಎಷ್ಟೇ ಹಿಟ್ ಆದರೂ ಕೈಕೊಟ್ಟ ಹುಡುಗಿಯನ್ನು ಬಯ್ಯುವ ಹಾಡನ್ನು ಮದುವೆ ಮನೆಯಲ್ಲಿ ಹಾಕುವುದಿಲ್ಲ. ‘ನೆಟ್ ಇಲ್ಲ ಕಣಣ್ಣ’ ಅನ್ನುತ್ತಾನೆ.

ಒಂದು ಹಾಡನ್ನು ಮಾತ್ರ ಕತ್ತರಿಸುವುದಿಲ್ಲ, ಬೆರೆಸುವುದೂ ಇಲ್ಲ: 2017ರ ‘ರಾಜಕುಮಾರ’ ಚಿತ್ರದ ಬೊಂಬೆಯ ಹಾಡು. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡ ಮೇಲೆ ಅದಕ್ಕೆ ಯಾರೂ ಕುಣಿಯುತ್ತಿಲ್ಲ. ಫೋನಿನ ಟಾರ್ಚು ಎತ್ತಿ ನಿಲ್ಲುತ್ತಾರೆ. ವಿಜಯ್ ಪ್ರಕಾಶ್ ಹಾಡಿ ಮುಗಿಸುವವರೆಗೆ ಅವನು ಯಂತ್ರದಿಂದ ಕೈ ತೆಗೆದಿರುತ್ತಾನೆ.

ಹತ್ತಕ್ಕೆ ಐದು ನಿಮಿಷವಿರುವಾಗ ಮಂಟಪದ ಮ್ಯಾನೇಜರು ಬಂದು ಗಡಿಯಾರ ತೋರಿಸುತ್ತಾರೆ. ಹಾಡು ಹಾಕಲು ಪರವಾನಗಿ ಇದೆಯಾ ಎಂದೂ ವಿಚಾರಿಸುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಮದುವೆ ಮೆರವಣಿಗೆ, ಮದುವೆಯ ಸಂಭ್ರಮಕ್ಕೆ ವಿನಾಯಿತಿ ಕೊಟ್ಟಿದೆ ಎಂಬುದು ಅವನಿಗೆ ಬಾಯಿಪಾಠ. ಗಡಿಯಾರದ ಜೊತೆ ವಾದವಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದು ಎಂದು 2000ದ ಶಬ್ದಮಾಲಿನ್ಯ ನಿಯಮಗಳೇ ಹೇಳುತ್ತವೆ. ‘ಒಂದೇ ಒಂದು ಸಾಂಗ್’ ಎಂಬ ಕೂಗಿನ ನಡುವೆಯೇ ಫೇಡರು ಕೆಳಗಿಳಿಯುತ್ತದೆ.

ವೈರು ಸುತ್ತುವಾಗ ಬೀಗರ ಕಡೆಯವರೊಬ್ಬರು ನಂಬರು ಕೇಳಿ ಬರುತ್ತಾರೆ. ಮುಂದಿನ ತಿಂಗಳು ಅವರ ಮನೆಯಲ್ಲೂ ಮದುವೆ. ಎಷ್ಟು ಬಾಕ್ಸು, ಎಷ್ಟು ಲೈಟು, ಎಷ್ಟು ದುಡ್ಡು ಎಂದು ಅವರು ಒಂದೇ ಉಸಿರಿಗೆ ಕೇಳುತ್ತಾರೆ. ಇವನ ಪ್ರಶ್ನೆ ಒಂದೇ: ‘ಊಟಕ್ಕೆ ಎಷ್ಟೊತ್ತಿಗೆ ಕೂರಿಸ್ತೀರಿ, ಸಾರ್?’ ಹುಡುಗನಿಗೆ ಹಸಿವು ಜಾಸ್ತಿ ಎಂದುಕೊಂಡ ಅವರು, ನಿನಗೆ ಮೊದಲ ಪಂಕ್ತಿಯಲ್ಲೇ ಎಲೆ ಹಾಕಿಸುತ್ತೇನೆ ಎಂದು ಮಾತು ಕೊಟ್ಟು ಹೋಗುತ್ತಾರೆ.