ಮರದ ಹೆಸರು ಮಗಳಿಗೆ ಬಂದ ದಾರಿ

ಹೂವಿನ ಹೆಸರನ್ನು ಮಗಳಿಗಿಡುವ ರೂಢಿ ಎಷ್ಟೋ ನಾಡುಗಳಲ್ಲಿದೆ. ಸ್ವೀಡನ್ನಿನ ಹೆಣ್ಣುಮಕ್ಕಳ ಅಚ್ಚುಮೆಚ್ಚಿನ ಹೆಸರು ‘ಲಿನ್ನೇಯ’ ಕೂಡ ಹೂವಿನದೇ. ಆದರೆ ಆ ಹೂವಿಗೆ ಹೆಸರು ಬಂದದ್ದು ಒಬ್ಬ ವಿಜ್ಞಾನಿಯಿಂದ, ಅವರ ಮನೆತನಕ್ಕೆ ಬಂದದ್ದು ಒಂದು ಮರದಿಂದ.

ಆ ವಿಜ್ಞಾನಿಯ ತಂದೆಯ ಕಾಲದ ಸ್ವೀಡನ್ನಿನ ಹಳ್ಳಿಗಳಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರೇ ಇರಲಿಲ್ಲ. ಇಂಥವರ ಮಗ ಎಂದರೆ ಸಾಕಾಗಿತ್ತು. ಸ್ಮೋಲಂಡ್ ಪ್ರಾಂತ್ಯದ ನಿಲ್ಸ್ ಇಂಗೆಮಾರ್ಸನ್, ಅಂದರೆ ಇಂಗೆಮಾರನ ಮಗ ನಿಲ್ಸ್, ಲುಂಡ್ ವಿಶ್ವವಿದ್ಯಾಲಯ ಸೇರುವಾಗ ಮನೆತನದ ಹೆಸರೊಂದು ಬೇಕಾಯಿತು. ಕುಟುಂಬದ ಜಮೀನಿನಲ್ಲಿ ದೊಡ್ಡದೊಂದು ಲಿಂಡನ್ ಮರವಿತ್ತು. ಅದನ್ನೇ ಲ್ಯಾಟಿನ್ನಿಗೆ ಒಗ್ಗಿಸಿ ‘ಲಿನ್ನೇಯಸ್’ ಎಂದಿಟ್ಟುಕೊಂಡರು. 1707ರಲ್ಲಿ ರೋಸ್‌ಹುಲ್ಟ್‌ನಲ್ಲಿ ಅವರ ಮಗ ಕಾರ್ಲ್ ಹುಟ್ಟಿದರು. ನಮ್ಮ ಮಾವಿಗೆ ಮ್ಯಾಂಜಿಫೆರಾ ಇಂಡಿಕಾ, ಶ್ರೀಗಂಧಕ್ಕೆ ಸಾಂಟಲಮ್ ಆಲ್ಬಮ್ ಎಂದು ಹೆಸರಿಟ್ಟ ಸಸ್ಯವಿಜ್ಞಾನಿ ಇವರೇ.

ಸಾವಿರಾರು ಗಿಡಗಳಿಗೆ ಹೆಸರು ಕೊಟ್ಟ ಕಾರ್ಲ್ ಅವರ ಮನಸ್ಸು ನಿಂತದ್ದು ಪುಟ್ಟದೊಂದು ಕಾಡುಬಳ್ಳಿಯ ಮೇಲೆ. ಉತ್ತರದ ಸೂಚಿಪರ್ಣಿ ಕಾಡುಗಳಲ್ಲಿ ಪಾಚಿಯ ಮೇಲೆ ಹರಡುವ ಬಳ್ಳಿ ಅದು. ನೂಲಿನಷ್ಟು ತೆಳ್ಳಗಿನ ತೊಟ್ಟು ತುದಿಯಲ್ಲಿ ಕವಲೊಡೆದು, ಒಂದೊಂದು ಕವಲಿಗೂ ನಸುಗೆಂಪಿನ ಗಂಟೆಯಂಥ ಹೂವೊಂದು ತೂಗುತ್ತದೆ. 1732ರಲ್ಲಿ ಅವರು ಅಲೆದಾಡಿದ ಲ್ಯಾಪ್‌ಲ್ಯಾಂಡಿನಲ್ಲೂ ಅದು ಬೆಳೆಯುತ್ತದೆ.

ತಮ್ಮ ಹೆಸರನ್ನು ತಾವೇ ಗಿಡಕ್ಕೆ ಇಟ್ಟುಕೊಳ್ಳುವುದು ಸಸ್ಯವಿಜ್ಞಾನಿಗಳಿಗೆ ಒಪ್ಪುವ ನಡೆಯಲ್ಲ. ಲೈಡನ್ನಿನ ಸ್ನೇಹಿತ ಯಾನ್ ಫ್ರೆಡರಿಕ್ ಗ್ರೊನೋವಿಯಸ್ ಆ ಬಳ್ಳಿಗೆ ಕಾರ್ಲ್ ಅವರ ಹೆಸರಿಟ್ಟರು. ಯಾರ ಕಣ್ಣಿಗೂ ಬೀಳದೆ ನಾಲ್ಕು ದಿನ ಅರಳಿ ಹೋಗುವ ಗಿಡ, ಥೇಟ್ ತನ್ನ ಹಾಗೆ ಎಂದು ಕಾರ್ಲ್ ಬರೆದುಕೊಂಡರು. 1737ರ ಭಾವಚಿತ್ರದಲ್ಲಿ ಲ್ಯಾಪ್‌ಲ್ಯಾಂಡಿನ ಸಾಮಿ ಜನರ ಉಡುಪು ತೊಟ್ಟು ಅದೇ ಹೂ ಹಿಡಿದು ನಿಂತಿದ್ದಾರೆ. 1753ರ ‘ಸ್ಪೀಷೀಸ್ ಪ್ಲಾಂಟಾರಮ್’ ಗ್ರಂಥದಲ್ಲಿ ಅದು ಲಿನ್ನೇಯ ಬೊರಿಯಾಲಿಸ್ ಆಯಿತು. ಮುಂದೆ ಶ್ರೀಮಂತ ಪದವಿ ದೊರೆತಾಗ ಅವರ ಲಾಂಛನದಲ್ಲೂ ಆ ಹೂವಿಗೆ ಜಾಗ ಸಿಕ್ಕಿತು.

ಹೂವು ತೊಟ್ಟಿಲಿಗೆ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ.

ಸ್ವೀಡನ್ನಿನಲ್ಲಿ ಮಕ್ಕಳಿಗೆ ಒಂದಕ್ಕಿಂತ ಹೆಚ್ಚು ಹೆಸರಿಡುತ್ತಾರೆ. ಲಿನ್ನೇಯ ಎರಡನೆಯ ಹೆಸರಾಗಿ ಬಹಳ ಮನೆಗಳನ್ನು ಸೇರಿತು. ಅಲ್ಲಿನ ಕ್ಯಾಲೆಂಡರಿನಲ್ಲಿ ಮೇ 13 ಈ ಹೆಸರಿನ ದಿನ. ಫಿನ್‌ಲ್ಯಾಂಡಿಗೂ ಅದು ಹಬ್ಬಿತು, ವಲಸೆ ಹೋದವರ ಜೊತೆ ಅಮೆರಿಕ ತಲುಪಿತು. 1985ರಲ್ಲಿ ಕ್ರಿಸ್ಟಿನಾ ಬ್ಯೋರ್ಕ್ ಬರೆದು ಲೆನಾ ಆಂಡರ್ಸನ್ ಚಿತ್ರ ಬಿಡಿಸಿದ ಮಕ್ಕಳ ಪುಸ್ತಕ, ಚಿತ್ರಕಾರ ಮೊನೆಯ ತೋಟ ನೋಡಲು ಫ್ರಾನ್ಸಿಗೆ ಹೋಗುವ ಹುಡುಗಿಯ ಕಥೆ ಹೇಳುತ್ತದೆ. ಹೂವೆಂದರೆ ಪ್ರಾಣ ಬಿಡುವ ಆ ಹುಡುಗಿಯ ಹೆಸರೂ ಲಿನ್ನೇಯ.