ಮುಪ್ಪು ಮತ್ತು ಸ್ನಾಯುಗಳ ಚುರುಕು

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ತೊಗರಿಯ ಬೆಳೆಗೆ ಹೆಸರಾದುವು. ಇಲ್ಲಿಯ ಎಪ್ಪತ್ತು ವರ್ಷದ ರೈತನು ಕಾಳಿನ ಚೀಲವನ್ನು ಮೆಲ್ಲನೆ ಎತ್ತಬಲ್ಲವನಾದರೂ, ಕೊಯ್ದ ಹೊಲದಲ್ಲಿ ತೊಗರಿಯ ಕೂಳೆಯನ್ನು ಎಡವಿದರೆ ಬಿದ್ದುಬಿಡಬಹುದು. ಜೊತೆಯಲ್ಲಿರುವ ಮೊಮ್ಮಗನೂ ಎಡವುವನು, ಆದರೆ ಸಾವರಿಸಿಕೊಳ್ಳುವನು. ಬಲವಿದ್ದೂ ವೃದ್ಧನು ಬೀಳುವುದೇಕೆ?

ಉತ್ತರವು ಕಾಲದ ಲೆಕ್ಕದಲ್ಲಿದೆ. ಆಧಾರ ತಪ್ಪಿದ ವಸ್ತುವು ಮೊದಲ 0.1 ಸೆಕೆಂಡಿನಲ್ಲಿ 5 ಸೆಂಟಿಮೀಟರು ಮಾತ್ರ ಬೀಳುತ್ತದೆ; 0.2 ಸೆಕೆಂಡಿಗೆ 20, 0.3 ಸೆಕೆಂಡಿಗೆ 44 ಸೆಂಟಿಮೀಟರು. ಎಡವಿದ ಶರೀರವು ಪಾದದ ಮೇಲೆ ವಾಲಿ ಬೀಳುವುದರಿಂದ ಇಷ್ಟು ಬೇಗ ಕೆಳಗಿಳಿಯದು; ಆದರೂ ತಡವಾದಷ್ಟೂ ಬೀಳುವ ವೇಗ ಏರುವುದು ಅಲ್ಲಿಯೂ ನಿಜ. ಸ್ನಾಯುವಾದರೋ ತನ್ನ ಪೂರ್ಣಬಲವನ್ನು ತೋರಲು ಸುಮಾರು 0.3 ಸೆಕೆಂಡನ್ನೋ ಅದಕ್ಕೂ ಹೆಚ್ಚನ್ನೋ ತೆಗೆದುಕೊಳ್ಳುತ್ತದೆ. ಆದ್ದರಿಂದ ಗರಿಷ್ಠ ಬಲವೆಷ್ಟು ಎಂಬುದಕ್ಕಿಂತ, ಮೊದಲ 0.2 ಸೆಕೆಂಡಿನಲ್ಲಿ ಎಷ್ಟು ಬಲ ಒದಗಿತು ಎಂಬುದೇ ಇಲ್ಲಿ ಮುಖ್ಯ.

ಮುಪ್ಪು ಹೆಚ್ಚಾಗಿ ಕಸಿದುಕೊಳ್ಳುವುದು ಈ ಚುರುಕನ್ನೇ. ನಮ್ಮ ಸ್ನಾಯುಗಳಲ್ಲಿ ಮುಖ್ಯವಾಗಿ ಎರಡು ಬಗೆಯ ತಂತುಗಳುಂಟು: ನಿಧಾನವಾಗಿ ಸಂಕುಚಿಸಿ ಬಹಳ ಹೊತ್ತು ದುಡಿಯುವವು, ಥಟ್ಟನೆ ಸಂಕುಚಿಸಿ ಬೇಗ ದಣಿಯುವವು. ವಯಸ್ಸಾದಂತೆ ಎರಡನೆಯವೇ ಹೆಚ್ಚಾಗಿ ಸೊರಗುತ್ತವೆ. ಸ್ನಾಯುವನ್ನು ಆಳುವ ನರಕೋಶಗಳು ಕೆಲವು ಅಳಿಯುತ್ತವೆ. ಅನಾಥವಾದ ತಂತುಗಳಲ್ಲಿ ಕೆಲವಕ್ಕೆ ನೆರೆಯ ನಿಧಾನದ ನರಗಳು ಕವಲೊಡೆದು ಆಶ್ರಯ ಕೊಡುತ್ತವೆ. ಆಗ ಅವೂ ನಿಧಾನಿಗಳಾಗುತ್ತವೆ. ಸ್ನಾಯುವನ್ನು ಮೂಳೆಗೆ ಬಿಗಿದಿರುವ ರಜ್ಜುಗಳು ಸಡಿಲಿದರೆ, ಜೋಲುಬಿದ್ದ ಹಗ್ಗದಿಂದ ಬಂಡಿಯನ್ನೆಳೆದಂತೆ, ಬಲವು ತಡವಾಗಿ ತಲುಪುತ್ತದೆ.

ಭೌತಶಾಸ್ತ್ರದಲ್ಲಿ ಸಾಮರ್ಥ್ಯವೆಂದರೆ ಬಲ ಮತ್ತು ವೇಗಗಳ ಗುಣಲಬ್ಧ. ಎರಡೂ ಐದರಲ್ಲೊಂದು ಪಾಲು ತಗ್ಗಿದುವೆನ್ನಿ. ಉಳಿಯುವ ಸಾಮರ್ಥ್ಯ 0.8 × 0.8, ಎಂದರೆ ಶೇಕಡಾ 64 ಮಾತ್ರ! ಮುಪ್ಪಿನಲ್ಲಿ ಬಲಕ್ಕಿಂತ ಸಾಮರ್ಥ್ಯವು ಬೇಗ ಕುಂದುವುದು ಇದರಿಂದಲೇ.

ಇದು ಕೇವಲ ಲೆಕ್ಕದ ಮಾತಲ್ಲ. ಬಿದ್ದು ತೊಡೆಯ ಮೂಳೆ ಮುರಿದುಕೊಂಡ ವೃದ್ಧರಲ್ಲಿ ಎಷ್ಟೋ ಮಂದಿ ಮತ್ತೆ ಮೊದಲಿನಂತೆ ನಡೆಯಲಾರರು. ಆದರೆ ನಿರಾಶೆಗೆ ಕಾರಣವಿಲ್ಲ. 1990ರಲ್ಲಿ ಅಮೆರಿಕದ ಬಾಸ್ಟನ್ ನಗರದ ಸಂಶೋಧಕರು ತೊಂಬತ್ತರ ಆಸುಪಾಸಿನ ಕೆಲವರಿಗೆ 8 ವಾರ ಭಾರ ಎತ್ತುವ ವ್ಯಾಯಾಮ ಮಾಡಿಸಿದಾಗ, ಅವರ ಕಾಲಿನ ಬಲವು ಸರಾಸರಿಯಲ್ಲಿ ಎರಡು ಪಾಲಿಗೂ ಮಿಕ್ಕಿ ಬೆಳೆಯಿತು. ಚುರುಕಿಗೂ ಅಭ್ಯಾಸವೇ ಮದ್ದು: ವೈದ್ಯರ ಒಪ್ಪಿಗೆ ಪಡೆದು, ಗಟ್ಟಿಯಾದ ಆಸರೆಯ ಬಳಿ, ಕುರ್ಚಿಯಿಂದ ಚುರುಕಾಗಿ ಏಳುವುದು, ಮೆಲ್ಲನೆ ಕುಳಿತುಕೊಳ್ಳುವುದು. ವಿದ್ಯಾರ್ಥಿಗಳು ತಮ್ಮ ಮನೆಯ ಅಜ್ಜ ಅಜ್ಜಿಯರಿಗೆ ಇದನ್ನು ತಿಳಿಸಿ, ಅವರ ಪಕ್ಕದಲ್ಲಿ ನಿಂತು ಮಾಡಿಸಿದರೆ, ಕಲಿತ ವಿಜ್ಞಾನವು ಸಾರ್ಥಕವಾಗುವುದು.