ಟವರ್ ಸಿಗದ ದಾರಿಗೆ ಟ್ಯಾಬ್ ಸಾಕು, ಗಾರ್ಮಿನ್ ಬೇಡ!

ಹುಲಜಂತಿ: 'ಕಾಕಾ, ಅಣ್ಣ ಅಮೆರಿಕಾದಿಂದ ಬರಾಕತ್ತಾನ. ಗಾರ್ಮಿನ್ ಅಂತ ಒಂದ್ ಯಂತ್ರ ತರತೀನಿ ಅಂತಾನ. ಟವರ್ ಇಲ್ಲದಲ್ಲೂ ಮೆಸೇಜ್ ಹೋಗತೈತಂತ. ಜೀಪ್ ತಗೊಂಡು ಲಡಾಖಕ್ಕ ಹೋಗೋದೈತಿ, ತರಸ್ಲ್ಯಾ?'

ಚಹಾದ ಅಂಗಡಿಯಲ್ಲಿ ನಮ್ಮೂರ ಹುಡುಗನೊಬ್ಬ ಹೀಗೆ ಕೇಳಿದ. 'ಬ್ಯಾಡಪ್ಪ, ನಿಮ್ಮಣ್ಣ ಮನಿಗೆ ಬರೋದು ಬಿಟ್ಟು ಪೊಲೀಸ್ ಠಾಣೆಗೆ ಹೋದಾನು' ಎಂದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಅಲ್ಲಿದ್ದವರೆಲ್ಲ ನಕ್ಕರು. ತಮಾಷೆಯಲ್ಲ. ಹೊರದೇಶದಲ್ಲಿ ದುಡಿಯುವ ಮಕ್ಕಳು ಈಗ ಗಡಿಯ ಎಷ್ಟೋ ಮನೆಗಳಲ್ಲಿದ್ದಾರೆ. ಅಲ್ಲಿ ಅಂಗಡಿಯಲ್ಲಿ ಸಲೀಸಾಗಿ ಸಿಗುವ ಈ ಯಂತ್ರ ಇಲ್ಲಿ ಅಪರಾಧದ ವಸ್ತು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಹಾಗೆಯೇ, ಕೈಯಲ್ಲಿರುವ ಟ್ಯಾಬ್ಲೆಟ್ಟೋ ಮೊಬೈಲೋ ಟವರ್ ಇಲ್ಲದೆಯೂ ದಾರಿ ತೋರಿಸಬಲ್ಲದು ಎಂಬುದೂ ಗೊತ್ತಿಲ್ಲ. ಆದ್ದರಿಂದ ಎರಡನ್ನೂ ಬಿಡಿಸಿ ಹೇಳುತ್ತೇನೆ.

ಮೊದಲು ಜಿಪಿಎಸ್. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು 'ಇಷ್ಟು ಗಂಟೆಗೆ ನಾನು ಇಲ್ಲಿದ್ದೇನೆ' ಎಂದು ಸದಾ ಸಾರುತ್ತಿರುತ್ತವೆ. ನಮ್ಮ ಕೈಯ ಯಂತ್ರ ಅದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೆ. ನಾಲ್ಕು ಉಪಗ್ರಹಗಳ ದನಿ ಸಿಕ್ಕರೆ ಲೆಕ್ಕ ಹಾಕಿ ತಾನಿರುವ ಜಾಗ ಹೇಳುತ್ತದೆ. ಇದಕ್ಕೆ ಸಿಮ್ ಬೇಡ, ಟವರ್ ಬೇಡ, ರೊಕ್ಕವೂ ಬೇಡ. ರೇಡಿಯೋದಲ್ಲಿ ವಾರ್ತೆ ಕೇಳಿದ ಹಾಗೆ. ವಾರ್ತೆ ಓದುವವನಿಗೆ ನಾವು ಕೇಳುತ್ತಿರುವುದು ಗೊತ್ತಾಗುವುದಿಲ್ಲ. 'ಉಪಗ್ರಹದಿಂದ ಎಲ್ಲಾ ಕಾಣತೈತಿ, ಯಾರಾದರೂ ಬರತಾರ' ಎಂದು ಕೂತರೆ ಯಾರೂ ಬರುವುದಿಲ್ಲ. ಜಾಗ ತಿಳಿಯುವುದು ಒಂದು, ತಿಳಿದದ್ದನ್ನು ಇನ್ನೊಬ್ಬರಿಗೆ ಮುಟ್ಟಿಸುವುದು ಇನ್ನೊಂದು. ಮುಟ್ಟಿಸಲು ಟವರ್ ಬೇಕು, ಇಲ್ಲವೇ ಉಪಗ್ರಹದ ಮೂಲಕ ಮಾತನಾಡುವ ಯಂತ್ರ ಬೇಕು.

ಆ ಯಂತ್ರವೇ ಸ್ಯಾಟಲೈಟ್ ಮೆಸೆಂಜರ್. ಗಾರ್ಮಿನ್ ಕಂಪನಿಯ ಇನ್‌ರೀಚ್ ಇದರಲ್ಲಿ ಹೆಸರುವಾಸಿ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಸುಮಾರು 780 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಇರಿಡಿಯಂ ಎಂಬ 66 ಉಪಗ್ರಹಗಳ ಜಾಲದ ಮೂಲಕ ಸಣ್ಣ ಸಂದೇಶ ಕಳಿಸುತ್ತದೆ, ಉತ್ತರವನ್ನೂ ತರುತ್ತದೆ. ಎಸ್‌ಓಎಸ್ ಗುಂಡಿ ಒತ್ತಿದರೆ ಅಮೆರಿಕದ ಟೆಕ್ಸಾಸಿನಲ್ಲಿರುವ ಕಂಪನಿಯ ಕೇಂದ್ರಕ್ಕೆ ಸುದ್ದಿ ಹೋಗಿ, ಅಲ್ಲಿಂದ ಆಯಾ ದೇಶದ ರಕ್ಷಣಾ ತಂಡಕ್ಕೆ ತಿಳಿಸುತ್ತಾರೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ನೂರಾರು ಕಿಲೋಮೀಟರ್ ಊರಿಲ್ಲದ ದಾರಿಯಲ್ಲಿ ಗಾಡಿ ಹೊಡೆಯುವವರು ಮುಂದೆ ನಕಾಶೆಗೆ ಒಂದು ಟ್ಯಾಬ್, ಪಕ್ಕದಲ್ಲಿ ಇದೊಂದು ಯಂತ್ರ ಇಟ್ಟುಕೊಳ್ಳುವುದು ರೂಢಿ. ಒಳ್ಳೆಯ ಯಂತ್ರ, ಜೀವ ಉಳಿಸಿದೆ. ಅದರಲ್ಲಿ ಎರಡು ಮಾತಿಲ್ಲ.

ಆದರೆ ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇದನ್ನು ಇಟ್ಟುಕೊಳ್ಳುವಂತಿಲ್ಲ. ಬಳಸಬೇಕೆಂದೇ ಇಲ್ಲ, ಚೀಲದಲ್ಲಿದ್ದರೂ ಸಾಕು. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಗಳ ಕಾಲದಿಂದಲೂ ರೇಡಿಯೋ ಯಂತ್ರಕ್ಕೆ ಪರವಾನಗಿ ಬೇಕು ಎಂಬ ನಿಯಮವಿದೆ. 2008ರ ಮುಂಬಯಿ ದಾಳಿಯಲ್ಲಿ ಭಯೋತ್ಪಾದಕರು ಸ್ಯಾಟಲೈಟ್ ಫೋನ್ ಬಳಸಿದ್ದರು. ಆ ಮೇಲಂತೂ ಥುರಾಯಾ, ಇರಿಡಿಯಂ ಹೆಸರು ಕೇಳಿದರೆ ಸರಕಾರದ ಕಿವಿ ನೆಟ್ಟಗಾಗುತ್ತದೆ. 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂದರೂ ಪರವಾನಗಿಯ ಮಾತು ಹೋಗಿಲ್ಲ.

ಇದು ಬರೀ ಪುಸ್ತಕದ ಕಾನೂನು ಎಂದುಕೊಳ್ಳಬೇಡಿ. 2024ರ ಡಿಸೆಂಬರಿನಲ್ಲಿ ಕೆನಡಾದ ಓಟಗಾರ್ತಿಯೊಬ್ಬರು ಗೋವಾ ವಿಮಾನ ನಿಲ್ದಾಣದಲ್ಲಿ ಇನ್‌ರೀಚ್ ಯಂತ್ರವನ್ನು ತಪಾಸಣೆಯ ತಟ್ಟೆಯಲ್ಲಿಟ್ಟರು. ಅಲ್ಲಿಂದ ನೇರವಾಗಿ ಪೊಲೀಸರು, ವಕೀಲರು, ಜಾಮೀನು ಎಂದು ಅಲೆದಾಟ. ಮರುತಿಂಗಳು, 2025ರ ಜನವರಿಯಲ್ಲಿ, ಹೃಷಿಕೇಶಕ್ಕೆ ಹೊರಟಿದ್ದ ಸ್ಕಾಟ್ಲೆಂಡಿನ ಮಹಿಳೆಯೊಬ್ಬರಿಗೆ ದಿಲ್ಲಿ ವಿಮಾನ ನಿಲ್ದಾಣದಲ್ಲಿ ಇದೇ ಗತಿ. ಇಬ್ಬರೂ ಅದನ್ನು ಮುಚ್ಚಿಟ್ಟುಕೊಂಡಿರಲಿಲ್ಲ, ಕಾನೂನು ಗೊತ್ತಿರಲಿಲ್ಲ ಅಷ್ಟೆ. ಅದೇ ತಿಂಗಳು ವಿಮಾನಯಾನ ನಿರ್ದೇಶನಾಲಯವು, ಪ್ರಯಾಣಿಕರಿಗೆ ಈ ನಿಷೇಧ ತಿಳಿಸಿ ಎಂದು ವಿಮಾನ ಕಂಪನಿಗಳಿಗೆ ಸೂಚಿಸಿತು. ವಿದೇಶಿಯರಿಗೇ ಹೀಗಾದರೆ ನಮ್ಮ ಹುಡುಗರನ್ನು, ಅದೂ ಲಡಾಖದಂಥ ಸೈನ್ಯದ ಸರಹದ್ದಿನಲ್ಲಿ ಸಿಕ್ಕಿಬಿದ್ದವರನ್ನು, ಸುಮ್ಮನೆ ಬಿಡುತ್ತಾರೆಯೇ?

ಹಾಗಾದರೆ ಕಾನೂನಿನೊಳಗೆ ಏನೂ ಇಲ್ಲವೇ? ಇದೆ, ನಮ್ಮಂಥವರಿಗಲ್ಲ. ಬಿಎಸ್‌ಎನ್‌ಎಲ್ 2017ರಲ್ಲಿ ಇನ್‌ಮಾರ್‌ಸ್ಯಾಟ್ ಉಪಗ್ರಹದ ಮೂಲಕ ಫೋನ್ ಸೇವೆ ಶುರು ಮಾಡಿತು. ಮೊದಲು ಕೊಟ್ಟದ್ದು ಪೊಲೀಸ್, ಗಡಿ ಭದ್ರತಾ ಪಡೆ, ರೈಲ್ವೆಯಂಥ ಇಲಾಖೆಗಳಿಗೆ. ಐಫೋನ್ 14ರಿಂದ ಮುಂದಿನ ಫೋನುಗಳಲ್ಲಿ ಉಪಗ್ರಹದ ಎಸ್‌ಓಎಸ್ ಇದೆ ಎಂದು ಜಾಹೀರಾತು ನೋಡಿದ್ದೀರಿ, ಆ ಸೇವೆಯನ್ನು ಭಾರತದಲ್ಲಿ ಕೊಟ್ಟಿಲ್ಲ. ಬಿಎಸ್‌ಎನ್‌ಎಲ್ ಮತ್ತು ವಯಾಸ್ಯಾಟ್ ಕಂಪನಿ ಸೇರಿ 2024ರ ಅಕ್ಟೋಬರಿನಲ್ಲಿ ಫೋನಿನಿಂದ ನೇರ ಉಪಗ್ರಹಕ್ಕೆ ಸಂದೇಶ ಕಳಿಸಿ ತೋರಿಸಿದವು. ಮಹಾರಾಷ್ಟ್ರ ಸರಕಾರ 2025ರ ನವೆಂಬರಿನಲ್ಲಿ ಸ್ಟಾರ್‌ಲಿಂಕ್ ಜೊತೆ ಆಶಯಪತ್ರಕ್ಕೆ ಸಹಿ ಹಾಕಿತು. ಅದರಲ್ಲಿ ಹೆಸರಿಸಿದ ಜಿಲ್ಲೆಗಳು ಗಡಚಿರೋಲಿ, ನಂದೂರಬಾರ, ವಾಶಿಮ್ ಮತ್ತು ನಮ್ಮ ನೆರೆಯ ಧಾರಾಶಿವ. ಆದರೆ ಅದು ಮಾಳಿಗೆ ಮೇಲೆ ತಟ್ಟೆ ಇಟ್ಟು ಇಂಟರ್‌ನೆಟ್ ಪಡೆಯುವ ವ್ಯವಸ್ಥೆ, ಕಿಸೆಯಲ್ಲಿ ಇಟ್ಟುಕೊಳ್ಳುವ ಯಂತ್ರವಲ್ಲ.

ನಿಜವಾಗಿ ಉಪಗ್ರಹದ ಮೆಸೆಂಜರ್ ಸಿಕ್ಕಿರುವುದು ನಮ್ಮ ಮೀನುಗಾರರಿಗೆ. 2024ರ ಆಗಸ್ಟ್ 30ರಂದು ಇದೇ ಮಹಾರಾಷ್ಟ್ರದ ಪಾಲಘರದಲ್ಲಿ ಪ್ರಧಾನಿಯವರು 364 ಕೋಟಿ ರೂಪಾಯಿಗಳ ಯೋಜನೆಗೆ ಚಾಲನೆ ಕೊಟ್ಟರು. ಒಂದು ಲಕ್ಷ ದೋಣಿಗಳಿಗೆ ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್ ಹಾಕಿಸುವ ಗುರಿ. ಕಡಲಲ್ಲಿ ಕೆಟ್ಟು ನಿಂತರೆ ದೋಣಿಯಿಂದ ಸಂದೇಶ ಹೋಗುತ್ತದೆ, ದಡದಿಂದ ಬಿರುಗಾಳಿಯ ಮುನ್ಸೂಚನೆ ಬರುತ್ತದೆ. ಸ್ವದೇಶಿ ಉಪಗ್ರಹ, ಸರಕಾರದ ನಿಗಾ, ಕಾನೂನಿನ ತಕರಾರಿಲ್ಲ. ಕಡಲಿಗೆ ಆದದ್ದು ನೆಲಕ್ಕೆ ಯಾಕಾಗಬಾರದು? ಕುರಿ ಮಂದೆ ಹೊಡೆದುಕೊಂಡು ತಿಂಗಳುಗಟ್ಟಲೆ ಅಡವಿಯಲ್ಲಿರುವ ನಮ್ಮ ಕುರುಬರೂ ಒಂದು ರೀತಿಯಲ್ಲಿ ಕಡಲಲ್ಲೇ ಇದ್ದಾರೆ. ಇದನ್ನು ಕೇಳಬೇಕಾದವರು ನಮ್ಮ ಪ್ರತಿನಿಧಿಗಳು, ಅವರು ಕೇಳಿದ್ದು ನನ್ನ ಕಿವಿಗಂತೂ ಬಿದ್ದಿಲ್ಲ.

ಅಡವಿಗೆ ಲಡಾಖ್ ಬೇಕಿಲ್ಲ

ಮಂಗಳವೇಢೆಯ ಜೋಳ ಯಾವ ಎರೆ ಮಣ್ಣಿನಲ್ಲಿ ಬೆಳೆದು ಹೆಸರು ಮಾಡಿದೆಯೋ ಅದೇ ಮಣ್ಣು ಗಾಡಿಗೆ ಶತ್ರು. ಬೇಸಿಗೆಯಲ್ಲಿ ಸಿಮೆಂಟಿನ ಹಾಗೆ ಗಟ್ಟಿ, ಒಂದು ಮಳೆ ಬಿದ್ದರೆ ಗಾಲಿಗೆ ರೊಟ್ಟಿ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ. ಎರಡು ಮಳೆಗಾಲದ ಹಿಂದೆ ಚಡಚಣದ ಕಡೆಯಿಂದ ಗೆಳೆಯನ ಜೀಪಿನಲ್ಲಿ ಬರುತ್ತಿದ್ದೆವು. ಮೊಬೈಲ್ ನಕಾಶೆ ಹತ್ತಿರದ ದಾರಿ ತೋರಿಸಿತು. ತೋರಿಸಿದ್ದು ಚಕ್ಕಡಿ ದಾರಿ. ರಾತ್ರಿ ಎಂಟೂವರೆಗೆ ಗಾಡಿ ಹೂತುಕೊಂಡಿತು. ಗಾಡಿಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರಿದ್ದರು, ಊಟದ ಹೊತ್ತು ಮೀರಿತ್ತು. ಟವರ್ ಒಂದು ಕಡ್ಡಿ ಬರುವುದು, ಹೋಗುವುದು. ಅಂತೂ ಒಬ್ಬ ಸಂಬಂಧಿಕರಿಗೆ ಫೋನ್ ಹತ್ತಿತು. 'ಎಲ್ಲಿ ಅದೀರಿ?' ಎಂದರು. 'ಜ್ವಾಳದ ಹೊಲ, ಬಾಜೂಕ ಬೇವಿನ ಗಿಡ' ಎಂದೆವು. ಈ ಸೀಮೆಯಲ್ಲಿ ಜೋಳದ ಹೊಲ, ಬೇವಿನ ಗಿಡ ಇಲ್ಲದ ಜಾಗ ಯಾವುದು? ಅಷ್ಟರಲ್ಲಿ ಲೈನ್ ಕಟ್ಟಾಯಿತು.

ಕೊನೆಗೆ ನಕಾಶೆಯಲ್ಲಿ ನಾವಿದ್ದ ಚುಕ್ಕೆಯನ್ನು ಒತ್ತಿ ಹಿಡಿದೆ. ಎರಡು ಅಂಕಿ ಬಂದವು. ಅವನ್ನು ಎಸ್ಸೆಮ್ಮೆಸ್ ಮಾಡಿದೆ. ಮಾತಿಗೆ ಸಾಲದ ಸಿಗ್ನಲ್ ಎಷ್ಟೋ ಸಲ ಎಸ್ಸೆಮ್ಮೆಸ್ಸಿಗೆ ಸಾಕಾಗುತ್ತದೆ. ಮುಕ್ಕಾಲು ಗಂಟೆಯಲ್ಲಿ ಟ್ರ್ಯಾಕ್ಟರ್ ಬಂತು.

ಆ ಎರಡು ಅಂಕಿಗಳ ಮರ್ಮ ತಿಳಿದುಕೊಳ್ಳಿ, ಕಷ್ಟವೇನಿಲ್ಲ. ಶಾಲೆಯ ಭೂಗೋಲದಲ್ಲಿ ಓದಿದ ಅಕ್ಷಾಂಶ, ರೇಖಾಂಶವೇ ಅವು. ಸೊಲ್ಲಾಪುರ, ಮಂಗಳವೇಢೆಗಳಲ್ಲಿ ಮೊದಲನೆಯದು 17ರಿಂದ, ಎರಡನೆಯದು 75ರಿಂದ ಶುರುವಾಗುತ್ತದೆ. ಅಕ್ಕಲಕೋಟೆಯಲ್ಲಿ 17 ಮತ್ತು 76. ವಿಜಯಪುರ ಪಟ್ಟಣದಲ್ಲಿ 16 ಮತ್ತು 75. ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿಲೋಮೀಟರ್. ದಶಾಂಶ ಬಿಂದುವಿನ ಮುಂದೆ ನಾಲ್ಕು ಅಂಕಿ ಬರೆದರೆ ಸುಮಾರು 11 ಮೀಟರಿನೊಳಗೆ ನಿಮ್ಮ ಜಾಗ ಹೇಳಿದಂತೆ, ಐದು ಬರೆದರೆ ಒಂದು ಮೀಟರ್. ಹೊಲದ ಬದುವಿನ ಲೆಕ್ಕಕ್ಕೇ ಬಂತಲ್ಲ! ಫೋನಿನಲ್ಲಿ ಓದಿ ಹೇಳುವಾಗ ಒಂದೊಂದೇ ಅಂಕಿ ಹೇಳಿ, ಕೇಳಿದವರಿಂದ ಮರಳಿ ಹೇಳಿಸಿ.

ಗಡಿಯವರಿಗೆ ಇನ್ನೊಂದು ತೊಡಕಿದೆ. 112 ಅಥವಾ 108 ಒತ್ತಿದರೆ ಕರೆ ಯಾವ ರಾಜ್ಯಕ್ಕೆ ಹೋಗುತ್ತದೆ ಎಂಬುದನ್ನು ನೀವು ನಿಂತ ನೆಲವಲ್ಲ, ನಿಮ್ಮ ಫೋನು ಹಿಡಿದ ಟವರ್ ತೀರ್ಮಾನಿಸುತ್ತದೆ. ಹುಲಜಂತಿ ಸೀಮೆಯಲ್ಲಿ ನಿಂತು ಕರ್ನಾಟಕದ ಕೇಂದ್ರದೊಂದಿಗೆ, ಚಡಚಣದ ಹೊಲದಲ್ಲಿ ನಿಂತು ಮಹಾರಾಷ್ಟ್ರದ ಕೇಂದ್ರದೊಂದಿಗೆ ಮಾತನಾಡುವ ಸಂದರ್ಭ ಬರಬಹುದು. ಆಚೆಯವರಿಗೆ ನಿಮ್ಮ ಊರಿನ ಹೆಸರೇ ಗೊತ್ತಿರುವುದಿಲ್ಲ. ಆದ್ದರಿಂದ ಮೊದಲ ಮಾತಿಗೇ ರಾಜ್ಯ, ಜಿಲ್ಲೆ, ತಾಲೂಕು, ಆಮೇಲೆ ಊರು ಹೇಳಿ. ಕನ್ನಡವೋ ಮರಾಠಿಯೋ, ಎತ್ತಿದವರ ಭಾಷೆಯಲ್ಲೇ ಹೇಳಬಲ್ಲಿರಿ, ಅದು ನಮಗಿರುವ ಅನುಕೂಲ. ಪರದೆಯ ಮೇಲೆ 'ತುರ್ತು ಕರೆ ಮಾತ್ರ' ಎಂದು ಕಂಡರೆ ಬೇರೆ ಕಂಪನಿಯ ಟವರ್ ಸಿಕ್ಕಿದೆ ಎಂದರ್ಥ. ಆಗ 112 ಒತ್ತಿ ನೋಡಿ.

ಟ್ಯಾಬ್ ಕೊಳ್ಳುವ ಮುಂಚೆ

ಜೀಪಿಗೆ ಟ್ಯಾಬ್ ಯಾಕೆ, ಮೊಬೈಲ್ ಸಾಲದೇ ಎನ್ನುವವರಿದ್ದಾರೆ. ಸಾಲುತ್ತದೆ. ಆದರೆ ದೊಡ್ಡ ಪರದೆಯಲ್ಲಿ ಮುಂದಿನ ಹಳ್ಳ, ಅದರಾಚೆಯ ಊರು ಒಟ್ಟಿಗೆ ಕಾಣುತ್ತವೆ. ಫೋನಿನ ಬ್ಯಾಟರಿ ಮಾತಿಗೆ ಉಳಿಯುತ್ತದೆ. ಐವತ್ತು ದಾಟಿದ ನನ್ನಂಥವರಿಗೆ ಕನ್ನಡಕ ಹುಡುಕುವ ಕೆಲಸವೂ ತಪ್ಪುತ್ತದೆ.

ಮೋಸ ಹೋಗುವುದು ಒಂದೇ ಕಡೆ. ಬಹಳಷ್ಟು ಅಗ್ಗದ ವೈಫೈ ಟ್ಯಾಬ್‌ಗಳಲ್ಲಿ ಜಿಪಿಎಸ್ ಚಿಪ್ಪೇ ಇರುವುದಿಲ್ಲ. ಐಪ್ಯಾಡಿನಲ್ಲೂ ವೈಫೈ ಮಾದರಿಗೆ ಜಿಪಿಎಸ್ ಇಲ್ಲ, ಮೊಬೈಲ್ ಜಾಲ ಹಿಡಿಯುವ ಮಾದರಿಗೆ ಮಾತ್ರ ಇದೆ. ಮನೆಯ ವೈಫೈ ಹತ್ತಿರ ಇದ್ದಾಗ ಜಾಗ ಸರಿಯಾಗಿಯೇ ತೋರಿಸುತ್ತದೆ, ಹೊಲಕ್ಕೆ ಹೋದ ಕೂಡಲೇ ಕುರುಡಾಗುತ್ತದೆ. ಅಂಗಡಿಯಲ್ಲಿ ಜಿಪಿಎಸ್ ಇದೆಯೇ ಎಂದು ಬಾಯಿಬಿಟ್ಟು ಕೇಳಿ, ಡಬ್ಬಿಯ ಮೇಲೆ ಓದಿ.

ನಕಾಶೆಯನ್ನು ಮನೆಯಲ್ಲೇ ಇಳಿಸಿಕೊಳ್ಳಬೇಕು. ಗೂಗಲ್ ಮ್ಯಾಪಿನಲ್ಲಿ ಬೇಕಾದ ಸೀಮೆಯನ್ನು ಆಫ್‌ಲೈನ್ ಉಳಿಸಬಹುದು, ಅದಕ್ಕೆ ಅವಧಿ ಇರುತ್ತದೆ, ಹೊರಡುವ ಹಿಂದಿನ ದಿನ ಹೊಸದು ಮಾಡಿಕೊಳ್ಳಿ. ಆಸ್ಮ್‌ಆಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಎಂಬವು ಓಪನ್ ಸ್ಟ್ರೀಟ್ ಮ್ಯಾಪ್ ಬಳಸುತ್ತವೆ. ಪೂರ್ತಿ ರಾಜ್ಯವನ್ನೇ ಇಳಿಸಿಡಬಹುದು. ನಾವು ಮಹಾರಾಷ್ಟ್ರ, ಕರ್ನಾಟಕ ಎರಡನ್ನೂ ಇಳಿಸಬೇಕು, ಇಲ್ಲದಿದ್ದರೆ ಗಡಿ ದಾಟಿದೊಡನೆ ಪರದೆ ಬಿಳಿ! ಭಾರತೀಯ ಸರ್ವೇಕ್ಷಣ ಇಲಾಖೆ 2017ರಲ್ಲಿ 'ನಕ್ಷೆ' ಎಂಬ ತಾಣದ ಮೂಲಕ ತನ್ನ ಹಾಳೆಗಳನ್ನು ಉಚಿತವಾಗಿ ಕೊಡತೊಡಗಿತು. ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರ್ ಲೆಕ್ಕದ ಆ ಹಾಳೆಗಳಲ್ಲಿ ಬಾವಿ, ಹಳ್ಳ, ಚಕ್ಕಡಿ ದಾರಿ ಬೇರೆಬೇರೆಯಾಗಿ ಕಾಣುತ್ತವೆ. ನನಗೆ ಅವುಗಳ ಮೇಲೆಯೇ ಹೆಚ್ಚು ನಂಬಿಕೆ. ಊರಿನ ಹೆಸರು ಹುಡುಕುವಾಗ ಇಂಗ್ಲಿಷ್ ಕಾಗುಣಿತ ಎರಡು ಮೂರು ತರ ಹಾಕಿ ನೋಡಿ. ಹುಲಜಂತಿಯನ್ನು ಹುಲ್ಜಂತಿ ಎಂದೂ ಬರೆಯುತ್ತಾರೆ.

ಟವರ್ ಇಲ್ಲದಲ್ಲಿ ಜಿಪಿಎಸ್ ಮೊದಲ ಸಲ ಜಾಗ ಹಿಡಿಯಲು ಕೆಲವು ನಿಮಿಷ ತಗೊಂಡೀತು. ಬಯಲಿಗೆ ಬಂದು ಗಾಡಿ ನಿಲ್ಲಿಸಿ ಕಾಯಿರಿ, ಕೆಟ್ಟಿದೆ ಎಂದು ಬಡಿಯಬೇಡಿ. ಬಿಸಿಲಿಗೂ ಹುಷಾರು. ಐಪ್ಯಾಡ್ ಬಳಕೆಗೆ ಕಂಪನಿ ಹೇಳುವುದು 35 ಡಿಗ್ರಿವರೆಗೆ. ನಮ್ಮ ಸೊಲ್ಲಾಪುರದಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ 40 ದಾಟುತ್ತದೆ. ಮುಂದಿನ ಗಾಜಿನ ಕೆಳಗೆ ಇಟ್ಟರೆ ತಾನೇ ಬಂದ್ ಆಗುತ್ತದೆ. ಏಸಿ ಗಾಳಿ ಬರುವ ಕಡೆ, ಅದಿಲ್ಲದಿದ್ದರೆ ನೆರಳಿಗೆ ಸಿಗಿಸಿ.

ನಕಾಶೆಗೆ ಮಳೆ ಗೊತ್ತಿಲ್ಲ ಎಂಬುದನ್ನಂತೂ ಮರೆಯಬಾರದು. 2025ರ ಸೆಪ್ಟೆಂಬರಿನಲ್ಲಿ ಸೀನಾ ನದಿಗೆ ಮಹಾಪೂರ ಬಂದಾಗ ಸೊಲ್ಲಾಪುರ-ವಿಜಯಪುರ ಹೆದ್ದಾರಿಯೇ ಬಂದಾಗಿತ್ತು. ಹೆದ್ದಾರಿಗೇ ಹಾಗಾದರೆ ಭೀಮೆಯ ಬಾಂದಾರ, ಹಳ್ಳದ ಸಣ್ಣ ಸೇತುವೆಗಳ ಪಾಡೇನು? ಆಫ್‌ಲೈನ್ ನಕಾಶೆ ಆಗಲೂ 'ನೇರ ಹೋಗಿ' ಎಂದೇ ಹೇಳುತ್ತಿರುತ್ತದೆ. ದಾರಿಯಲ್ಲಿ ಸಿಕ್ಕ ಕುರಿಗಾಹಿಯನ್ನು ಕೇಳಿ.

ಲಡಾಖದ ಹುಡುಗರಿಗೆ ಎರಡು ಮಾತು. ಅಲ್ಲಿ ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಯಾವ ದಿನ ಯಾವ ಊರಲ್ಲಿ ವಸ್ತಿ, ಎಷ್ಟು ಗಂಟೆಯೊಳಗೆ ಫೋನ್ ಬರಬೇಕು, ಬಾರದಿದ್ದರೆ ಯಾವ ಪೊಲೀಸ್ ಠಾಣೆಗೆ ಹೇಳಬೇಕು ಎಂದು ಚೀಟಿ ಬರೆದು ಮನೆಯಲ್ಲಿ ಕೊಟ್ಟು ಹೋಗಿ. ಟವರ್ ಇಲ್ಲದ ದಾರಿಯಲ್ಲಿ ಇಂದಿಗೆ ಕಾನೂನು ಒಪ್ಪುವ ಮೆಸೆಂಜರ್ ಎಂದರೆ ಆ ಚೀಟಿಯೇ.

ಅಂದಹಾಗೆ, ದೀಪಾವಳಿ ಅಮಾವಾಸ್ಯೆಗೆ ಮಹಾಲಿಂಗರಾಯನ ಜಾತ್ರೆಗೆ ಬರುವವರಿಗೂ ಇದು ಉಪಯೋಗ. ಶಿಖರದ ಮುಂಡಾಸು ನೋಡಲು, ಪಲ್ಲಕ್ಕಿಗಳ ಭೇಟಿಗೆ ಭಂಡಾರ ತೂರಲು ಎರಡೂ ರಾಜ್ಯದ ಜನ ಸೇರಿದಾಗ ಟವರ್ ಇದ್ದರೂ ಫೋನ್ ಹತ್ತುವುದಿಲ್ಲ. ಗಾಡಿ ಯಾರದೋ ಹೊಲದಲ್ಲಿ, ನೂರಾರು ಗಾಡಿಗಳ ನಡುವೆ. ಇಳಿದ ಕೂಡಲೇ ಆ ಜಾಗವನ್ನು ನಕಾಶೆಯಲ್ಲಿ ಗುರುತು ಮಾಡಿ, ಎರಡು ಅಂಕಿಗಳನ್ನು ಕಾಗದದಲ್ಲಿ ಬರೆದು ಮನೆಯ ಹಿರಿಯರ ಕಿಸೆಗೆ ಹಾಕಿ.

ಚಹಾದ ಅಂಗಡಿಯ ಹುಡುಗ ಅಣ್ಣನಿಗೆ ಆ ದಿನವೇ ಫೋನ್ ಮಾಡಿದ. ಯಂತ್ರ ಆಗಲೇ ಕೊಂಡಾಗಿತ್ತಂತೆ. ಅಲ್ಲೇ ಇಟ್ಟು ಬಾ ಎಂದಿದ್ದಾನೆ.